ನನ್ನ ಗೇಟ್ ಪಾಸಿಗೆ ನನ್ನದೇ ಸಹಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ವಾರ್ಡನ್ ಕಸ್ತೂರಿ ಮೇಡಂ ಅವರೇ, ಪಾಲಕರೇ, ಗೆಳತಿಯರೇ ಮತ್ತು ಊಟ ಯಾವಾಗ ಎಂದು ಕಾಯುತ್ತಿರುವ ಸಭಿಕರೇ,

ಮೊದಲಿಗೆ ಕ್ಷಮೆ ಇರಲಿ, ಬರೆದುಕೊಂಡು ಬಂದಿದ್ದೇನೆ. ನರ್ವಸ್ ಆದರೆ ನನ್ನ ಅರ್ಧ ಮಾತು ಇಂಗ್ಲಿಷಿಗೆ ಓಡಿಹೋಗುತ್ತದೆ. ನಾನು ಬಿ.ಎಸ್ಸಿ. ಮೊದಲ ವರ್ಷದ ಬನಶಂಕರಿ. ಶಿಸ್ತಿನ ಬಗ್ಗೆ ಐದು ನಿಮಿಷ ಮಾತಾಡು ಎಂದು ಮೇಡಂ ಹೇಳಿದ್ದಾರೆ. ಶಿಸ್ತು ನನಗಲ್ಲದೆ ಇನ್ನಾರಿಗೆ ಗೊತ್ತು? ಐದನೇ ತರಗತಿಯಿಂದ ಇದೇ ಹಾಸ್ಟೆಲು. ಏಳಲು ಗಂಟೆ, ಉಣ್ಣಲು ಗಂಟೆ, ಓದಲು ಗಂಟೆ, ಮಲಗಲೂ ಗಂಟೆ.

ದೀಪಾವಳಿ ರಜೆಯಲ್ಲಿ ಇಳಕಲ್ಲಿಗೆ ಹೋಗಿದ್ದೆ. ಅಲ್ಲಿ ನನ್ನ ಅಜ್ಜಿ ದಾನಮ್ಮ ಸೀರೆ ನೇಯುತ್ತಾರೆ. ಅಡುಗೆಮನೆ ಬಾಗಿಲಲ್ಲಿ ನಿಂತು, "ಆಯಿ, ನೀರು ಕುಡೀಲೇನು?" ಎಂದೆ.

"ನೀರಡಿಕಿ ಆಗಿದ್ದು ನಿನಗ. ನನ್ನ ಯಾಕ ಕೇಳ್ತಿ?" ಎಂದರು.

ಮರುದಿನ ಮಗ್ಗದಲ್ಲಿ ಸೆರಗು ಕೂಡಿಸುವ ಕೆಲಸ. ಸೀರೆಯ ಮೈಯ ಒಂದೊಂದು ಎಳೆಗೂ ಸೆರಗಿನ ರೇಷ್ಮೆ ಎಳೆಯನ್ನು ಕೊಂಡಿ ಹಾಕಿ ಜೋಡಿಸಬೇಕು. ನನ್ನನ್ನೇ ಕೂರಿಸಿದರು. ನಾನೋ, ಎಳೆಗೊಮ್ಮೆ "ಹಾಕ್ಲೇನು?" ಹತ್ತನೇ ಎಳೆಗೆ ಆಯಿ ಎದ್ದು ಚಹಾ ಕಾಸಲು ಹೊರಟರು.

"ಆಯಿ, ತಪ್ಪಿದ್ರ?"

"ಬಿಚ್ಚು, ಮತ್ತ ಹಾಕು. ನಿನ್ನ ಬೆರಳ ಹಿಡಕೊಂಡು ಕುಂದರ್ಲೇನು ನಾ?"

ತಪ್ಪಿತು. ಬಿಚ್ಚಿದೆ. ಮತ್ತೆ ಹಾಕಿದೆ. ಎಂಟು ವರ್ಷಗಳಲ್ಲಿ ಗಂಟೆ ಹೊಡೆಯದೆ ನಾನು ಮಾಡಿದ ಮೊದಲ ಕೆಲಸ ಅದು ಎಂದರೆ ನಂಬುವಿರಾ?

ಆ ಕಲಿಕೆ ಅರ್ಧಕ್ಕೇ ನಿಂತಿದೆ. ಪ್ರತಿ ಶನಿವಾರ ಇಳಕಲ್ಲಿಗೆ ಹೋಗಿ ಭಾನುವಾರ ಸಂಜೆ ಇಲ್ಲಿಗೆ, ಬಾಗಲಕೋಟೆಗೆ, ಮರಳಬೇಕೆಂದಿದ್ದೇನೆ. ಆದರೆ ಗೇಟ್ ಪಾಸಿಗೆ ತಂದೆಯ ಸಹಿ ಬೇಕು. ಕುಳಗೇರಿ ಕ್ರಾಸಿನ ತಮ್ಮ ಅಂಗಡಿ ಮುಚ್ಚಿ ಪ್ರತಿಸಲ ಬರಲಾಗದೆಂದು ಅಪ್ಪ ವರ್ಷದ ಆರಂಭದಲ್ಲೇ ಹನ್ನೆರಡು ಖಾಲಿ ಪಾಸುಗಳಿಗೆ ಸಹಿ ಮಾಡಿ ಆಫೀಸಿಗೆ ಕೊಟ್ಟಿದ್ದಾರೆ. ನಾನೆಲ್ಲಿಗೆ ಹೋಗುತ್ತೇನೆಂದು ಆ ಸಹಿಗೆ ಗೊತ್ತೇ? ಹನ್ನೆರಡೂ ಹಾಗೇ ಇವೆ. ಕೇಳಲು ಹೆದರಿ ಒಂದನ್ನೂ ಪಡೆದಿಲ್ಲ. ಅಪ್ಪ, ಮೂರನೇ ಸಾಲಿನಲ್ಲಿದ್ದೀರಿ, ಸಿಟ್ಟಾಗಬೇಡಿ. ನನ್ನ ಅನುಕೂಲಕ್ಕೇ ಮಾಡಿದ್ದೆಂದು ಗೊತ್ತು.

ಮೇಡಂ, ನಿಮ್ಮ ಗಂಟೆಗಳಿಂದಲೇ ನಾನು ಓದಿ ಮುಂದೆ ಬಂದೆ, ಸುಳ್ಳಲ್ಲ. ಆದರೆ ನನಗೀಗ ಹದಿನೆಂಟು. ಎಲ್ಲಿಗೆ, ಯಾಕೆ, ಯಾವ ಬಸ್ಸು ಎಂದೆಲ್ಲ ನಾನೇ ಬರೆದು, ಕೆಳಗೆ ನಾನೇ ಸಹಿ ಮಾಡಿದ ಪಾಸೊಂದನ್ನು ಇಂದು ಬೆಳಿಗ್ಗೆ ನಿಮ್ಮ ಟೇಬಲ್ಲಿನ ಮೇಲೆ ಇಟ್ಟಿದ್ದೇನೆ. ತಪ್ಪಿದರೆ ನಾನೇ ಬಿಚ್ಚುತ್ತೇನೆ.

ಶಿಸ್ತಿನ ಬಗ್ಗೆ ನನ್ನ ಕೈಯಲ್ಲಿ ಇನ್ನೂ ಒಂದು ಪುಟವಿದೆ. ಯಾರನ್ನೂ ಕೇಳದೆ ಅದನ್ನು ಮಡಚಿ ಇಡುತ್ತಿದ್ದೇನೆ.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ವಂದನೆಗಳು. ಮೇಡಂ, ಶನಿವಾರದ ಬಸ್ಸು ಎರಡೂವರೆಗೆ. ಹೌದೋ ಅಲ್ಲವೋ, ದಯವಿಟ್ಟು ಅದಕ್ಕೂ ಮುಂಚೆ ತಿಳಿಸಿ. ನಮಸ್ಕಾರ.