ಬಂದೆಯಣ್ಣನ ಮೂರನೇ ಪರೀಕ್ಷೆ

ಸಭೆಗೆ ನನ್ನ ನಮಸ್ಕಾರ. ಸೂಪರಿಂಟೆಂಡೆಂಟ್ ಸಾಹೇಬರಿಗೆ, ಆಸ್ಪತ್ರೆಯ ಎಲ್ಲಾ ಸಹೋದ್ಯೋಗಿಗಳಿಗೆ, ಮುಂದಿನ ಸಾಲಿನಲ್ಲಿ ಕೂತಿರುವ, ನಮ್ಮ ಆಂಬುಲೆನ್ಸ್ ಡ್ರೈವರ್ ಬಂದೆಯಣ್ಣನ ಹೆಂಡತಿಗೆ — ನಮಗೆಲ್ಲಾ ಅವರು ಇವತ್ತಿಗೂ ‘ನಮ್ಮ ಸಿಸ್ಟರ್’ — ಅವರ ಪಕ್ಕದಲ್ಲಿರುವ ಮಗಳಿಗೆ. ಅಷ್ಟು ದೂರದಿಂದ ಬಂದಿದ್ದೀರಿ. ಈ ಡ್ರೈವರ್‌ಗಳ ಕೋಣೆಯಲ್ಲೇ ಸಭೆ ಆಗಬೇಕು ಅಂತ ಕೇಳಿದ್ದೀರಿ. ಅದಕ್ಕೆ ನಾವೆಲ್ಲ ಋಣಿಗಳು.

ನಾನು ಈ ಆಸ್ಪತ್ರೆಯ ಆಂಬುಲೆನ್ಸ್ ಫೋನ್ ಹತ್ತಿರ ಕೂತು ಇಪ್ಪತ್ತಾರು ವರ್ಷ ಆಯ್ತು. ಮೃತರ ಬಗ್ಗೆ ಬಹುವಚನದಲ್ಲಿ ಮಾತಾಡಬೇಕು, ಗೊತ್ತು. ಆದರೆ ನನಗಿಂತ ನಾಲ್ಕು ವರ್ಷ ಚಿಕ್ಕವನು, ದಿನಕ್ಕೆ ಹತ್ತು ಸಲ ನನ್ನನ್ನ ‘ಅಕ್ಕಾ’ ಅಂತಿದ್ದವನು — ‘ಅವರು’ ಅಂದ್ರೆ ಬೇರೆ ಯಾರನ್ನೋ ಕುರಿತು ಹೇಳಿದ ಹಾಗಾಗುತ್ತೆ. ‘ಅವನು’ ಅಂತಾನೇ ಹೇಳ್ತೀನಿ. ಕ್ಷಮಿಸಿ.

ಅವನಿಗೆ ‘ಬಂದೆಯಣ್ಣ’ ಅಂತ ಯಾಕೆ ಹೆಸರು ಬಂತು ಅಂತ ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ನಾನು ಫೋನಲ್ಲಿ “ಹಳೇ ಸೇತುವೆ ಪಕ್ಕ, ಹಳದಿ ಮನೆ—” ಅನ್ನೋಷ್ಟರಲ್ಲಿ “ಬಂದೆ!” ಅಂತಿದ್ದ. ಫೋನ್ ಇಟ್ಟುಬಿಡ್ತಿದ್ದ. ಅರ್ಧ ವಾಕ್ಯ ಸಾಕು ಅವನಿಗೆ. ಗಾಡಿ ಗೇಟು ದಾಟೋ ಹೊತ್ತಿಗೆ ಇನ್ನರ್ಧ ವಾಕ್ಯವನ್ನ ನಾನು ಗೋಡೆಗೆ ಹೇಳ್ತಾ ಇರ್ತಿದ್ದೆ.

ಇಲ್ಲಿ ನರ್ಸ್ ಆಗಿದ್ದ ಅವನ ಹೆಂಡತಿಗೆ ಜರ್ಮನಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಮಗಳನ್ನೂ ಕರೆದುಕೊಂಡು ಹೋದರು. ಆಗ ಆ ಮಗುವಿಗೆ ಒಂಬತ್ತು ವರ್ಷ. ಇವನಿಗೆ ಮಾತ್ರ ಒಂದು ಬಾಗಿಲು ಮುಚ್ಚಿತ್ತು. ಹೆಂಡತಿ ಇರೋ ಕಡೆ ಗಂಡ ಹೋಗಿ ನೆಲೆಸಬೇಕು ಅಂದ್ರೆ ಜರ್ಮನ್ ಭಾಷೆಯ ಮೊದಲ ಹಂತದ ಪರೀಕ್ಷೆ ಪಾಸಾಗಬೇಕು. ಕೇಳೋದು, ಓದೋದು, ಬರೆಯೋದು, ಮಾತಾಡೋದು. ನೂರಕ್ಕೆ ಅರವತ್ತು ಬರಬೇಕು.

ನಮ್ಮ ಬಂದೆಯಣ್ಣ ಏಳನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದವನು. ವಯಸ್ಸು ನಲವತ್ತನಾಲ್ಕು.

“ಏನಕ್ಕಾ, ನಾಲ್ಕು ಮಾತು ತಾನೇ” ಅಂತ ಹೋದ. ನಲವತ್ತೊಂದು ಬಂತು.

ಬಂದು ಗಾಡಿ ತೊಳೆಯೋಕೆ ನಿಂತ. ಬೆಳಗ್ಗೆ ತಾನೇ ತೊಳೆದ ಗಾಡಿ — ಮತ್ತೆ ತೊಳೆದ. ನಾನು ಹತ್ತಿರ ಹೋಗಿ “ಎಲ್ಲಿ ಎಡವಿದೆಯೋ?” ಅಂದೆ. “ಕೇಳೋದ್ರಲ್ಲಿ ಅಕ್ಕಾ. ರೈಲು ಮೂರನೇ ಪ್ಲಾಟ್‌ಫಾರ್ಮ್‌ಗೆ ಬರುತ್ತೆ ಅಂದ್ರು, ಮೂರು ಅಂತ ಗುರುತು ಹಾಕ್ದೆ. ಆಮೇಲೆ ಏನೋ ಅಂದ್ರು. ಅಲ್ಲ, ಐದಕ್ಕೆ ಬರುತ್ತೆ ಅಂದ್ರಂತೆ. ನಾನು ಕೇಳಿಸ್ಕೊಳ್ಳಲೇ ಇಲ್ಲ.”

ನೋಡಿ, ಅರ್ಧ ಕೇಳಿ ಓಡೋದನ್ನ ಇಷ್ಟು ವರ್ಷ ಬೆನ್ನು ತಟ್ಟಿ ಬೆಳೆಸಿದವಳು ಯಾರು? ನಾನೇ ಅಲ್ವಾ?

ಆದರೂ ಅವನು ಸುಮ್ಮನಾಗ್ತಿದ್ದನೇನೋ — ಒಂದು ಭಾನುವಾರ ಆ ಫೋನ್ ಬರದೇ ಇದ್ದಿದ್ರೆ. ಮಗಳು ಶಾಲೆಯ ಯಾವುದೋ ವಿಷಯ ಹೇಳ್ತಾ ಹೇಳ್ತಾ ನಿಂತಳು. “ಅಪ್ಪಾ, ಅದಕ್ಕೆ ನಮ್ಮ ಮಾತಲ್ಲಿ ಏನಂತಾರೋ ಗೊತ್ತಾಗ್ತಿಲ್ಲ” ಅಂದಳು. ಜರ್ಮನ್ನಲ್ಲೇ ಹೇಳಿ ನಕ್ಕಳು. ಇವನೂ ನಕ್ಕ. ಏನೂ ಅರ್ಥ ಆಗಿರಲಿಲ್ಲ. ಮಾರನೇ ದಿನ ನನ್ನ ಮೇಜಿನ ಮುಂದೆ ಬಂದು ನಿಂತ. “ಅಕ್ಕಾ, ಮುಂದೆ ಅವಳು ನನ್ನನ್ನ ಬೈದ್ರೂ ನಂಗೆ ತಿಳಿಯಬೇಕಲ್ವಾ? ನೀವು ನಂಗೆ ಪಾಠ ಹೇಳಿ.”

“ನನಗೇ ಬರಲ್ವಲ್ಲೋ!”

“ಹಾಗಾದ್ರೆ ನೀವೂ ಕಲೀರಿ.”

ಹೀಗೆ ಶುರುವಾಯ್ತು ಸ್ನೇಹಿತರೇ, ನನ್ನ ಜರ್ಮನ್ ಪಂಡಿತಿಕೆ! ಒಂದು ಪುಸ್ತಕ, ಇಬ್ಬರು ದಡ್ಡರು. ಕರೆಗಳಿಲ್ಲದ ಹೊತ್ತಲ್ಲಿ, ಒಳಗಿನ ಲೈನಿನಲ್ಲಿ, ನಾನು ಫೋನ್ ಮಾಡಬೇಕು — “ಗಾಡಿ ಮೂರನೇ ಗೇಟಿಗೆ... ಅಲ್ಲ, ಐದನೇ ಗೇಟಿಗೆ.” ಎಲ್ಲಾ ಜರ್ಮನ್ನಲ್ಲಿ. ಅವನು ಕೊನೇತನಕ ಕೇಳಬೇಕು. ಮೊದಲ ವಾರ ಏಳು ದಿನವೂ ಮಧ್ಯದಲ್ಲೇ ಫೋನ್ ಇಟ್ಟ! ಎಂಟನೇ ದಿನ ಪೂರ್ತಿ ಕೇಳಿದ. ನಾನು ಹೇಳಿ ಮುಗಿಸಿ ಸುಮ್ಮನೆ ಕೂತೆ, ಆ ಕಡೆಯಿಂದ ಉಸಿರು ಕೇಳ್ತಿದೆ. “ಏನೋ, ಇದ್ದೀಯಾ?” ಅಂದೆ. “ಇನ್ನೇನಾದ್ರೂ ಬದಲಾಯಿಸ್ತೀರೇನೋ ಅಂತ ಕಾಯ್ತಿದ್ದೀನಿ ಅಕ್ಕಾ” ಅಂದ.

ಆಮೇಲೆ ಆ ಗಂಡು ಹೆಣ್ಣಿನ ಗೋಳು. ಆ ಭಾಷೆಯಲ್ಲಿ ಪ್ರತಿ ವಸ್ತುವಿಗೂ ಲಿಂಗ ಇದೆ. ಕನ್ನಡಿ ಗಂಡು, ಬಾಗಿಲು ಹೆಣ್ಣು, ಕಿಟಕಿ ಎರಡೂ ಅಲ್ಲ. ಬಂದೆಯಣ್ಣ ಗಾಡಿ ತುಂಬಾ ಚೀಟಿ ಅಂಟಿಸಿದ. ಗಂಡಿಗೆ ನೀಲಿ, ಹೆಣ್ಣಿಗೆ ಕೆಂಪು, ಉಳಿದದ್ದಕ್ಕೆ ಹಸಿರು. ಒಂದು ಮಧ್ಯಾಹ್ನ ದಡದಡ ಬಂದ. “ಅಕ್ಕಾ, ಅನ್ಯಾಯ! ಹುಡುಗಿಗೆ ‘ಮೇಡ್ಶೆನ್’ ಅಂತಾರೆ. ಅದು ಹೆಣ್ಣಲ್ವಂತೆ! ಹಸಿರು ಚೀಟಿ! ಬಾಗಿಲು ಹೆಣ್ಣು, ನನ್ನ ಮಗಳು ‘ಅದು’ ಅಂತೆ!”

“ಮಗಳು ಚಿಕ್ಕವಳಿದ್ದಾಗ ನೀನು ಏನಂತಿದ್ದೆ?” ಅಂದೆ. “‘ಅದು ಮಲಗಿದೆ, ಅದು ಇನ್ನೂ ಊಟ ಮಾಡಿಲ್ಲ’ ಅಂತ ತಾನೇ?”

ಕೈಲಿದ್ದ ಹಸಿರು ಚೀಟಿಯನ್ನ ತಿರುಗಿಸಿ ನೋಡಿದ. “ಹೌದಲ್ವಾ... ಅವರೂ ಮುದ್ದಿಗೇ ಅಂತಾರೇನೋ.” ಆ ಪದ ಮತ್ತೆಂದೂ ತಪ್ಪಲಿಲ್ಲ.

ಒಂದು ಸಲ, ಕಾಲು ಮುರಿದ ಒಬ್ಬ ನಿವೃತ್ತ ಶಾಲಾ ಹೆಡ್ ಮೇಡಂನ ಗಾಡಿಯಲ್ಲಿ ಕರೆತರ್ತಿದ್ದ. ಸ್ಟ್ರೆಚರ್ ಮೇಲೆ ಮಲಗಿಕೊಂಡೇ ಅವರು, “ಇದೇನಪ್ಪಾ ಎಲ್ಲಾ ಕಡೆ ಚೀಟಿ? ಔಷಧಿ ಹೆಸರಾ?” ಅಂದರಂತೆ. “ಇಲ್ಲಮ್ಮಾ, ನನ್ನ ಪಾಠ.” “ಪಾಠಾನಾ? ಹಾಗಾದ್ರೆ ಒಪ್ಪಿಸು!” ಆಸ್ಪತ್ರೆ ಬಾಗಿಲ ತನಕ ಚೀಟಿ ನೋಡ್ಕೊಂಡೇ ಒಪ್ಪಿಸಿಕೊಂಡರು. ಇಳಿಸುವಾಗ ನೋವಿಗೆ ಕೂಗಲಿಲ್ಲ ಆಕೆ. “ಕನ್ನಡಿ ಎರಡು ಸಲ ತಪ್ಪಿದೀಯ, ನಾಳೆ ಸರಿಯಾಗಿ ಓದ್ಕೊಂಡು ಬಾ” ಅಂತ ಗದರಿದರು!

ಎರಡನೇ ಪರೀಕ್ಷೆ. ಐವತ್ತೆಂಟು.

ಎರಡು ಅಂಕ, ಸ್ವಾಮಿ. ಬರೀ ಎರಡು.

ಈ ಸಲ ಕೇಳೋದು ಚೆನ್ನಾಗೇ ಆಗಿತ್ತು. ಸೋತದ್ದು ಪತ್ರದಲ್ಲಿ. ಒಂದು ಊರಿನ ಪ್ರವಾಸಿ ಕಚೇರಿಗೆ ಬರೆಯಬೇಕಿತ್ತು. ಯಾವಾಗ ಬರ್ತೀರಿ, ಏನು ನೋಡ್ಬೇಕು, ಹೋಟೆಲ್ ಎಲ್ಲಿದೆ — ಮೂರೇ ಮಾತು. ಇವನು ಏನು ಬರೆದ ಗೊತ್ತಾ? “ನಾನು ಡ್ರೈವರ್. ನನ್ನ ಹೆಂಡತಿ ನಿಮ್ಮ ದೇಶದಲ್ಲಿದ್ದಾಳೆ. ನನ್ನ ಮಗಳಿಗೆ ಹತ್ತು ವರ್ಷ. ನಾನು ಇಲ್ಲಿ ಒಬ್ಬನೇ ಇದ್ದೀನಿ.” ಹೋಟೆಲ್ ಸುದ್ದಿಯೇ ಇಲ್ಲ! ನನಗೆ ನಗು ಬಂತು. ಆಮೇಲೆ — ನಗೋಕೆ ಆಗಲಿಲ್ಲ.

“ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡೋ” ಅಂದೆ. “ಕೇಳದೇ ಇರೋದೇ ಜಾಸ್ತಿ ಇದೆ ಅಕ್ಕಾ” ಅಂದ. ಆದರೂ ಮಾರನೇ ದಿನದಿಂದ ದಿನಕ್ಕೊಂದು ಪತ್ರ, ಮೂರು ಮಾತು ಮೀರಬಾರದು. ಮೂರು ತಿಂಗಳು. ಟೀ ವಿಷಯಕ್ಕೂ ಪತ್ರ, ಟೈರ್ ವಿಷಯಕ್ಕೂ ಪತ್ರ.

ಮೂರನೇ ಫಲಿತಾಂಶ ನನ್ನ ಕಂಪ್ಯೂಟರ್‌ನಲ್ಲೇ ನೋಡಿದ್ದು. ಅವನು ಬಾಗಿಲ ಆಚೆ, ಗಾಡಿಯಲ್ಲಿ ಕೂತಿದ್ದ. ಒಳಗೆ ಬರೋಕೆ ಧೈರ್ಯ ಇಲ್ಲ. ನಾನು ಅವನ ಮೊಬೈಲಿಗೆ ಫೋನ್ ಮಾಡಿದೆ.

“ಎಂಬತ್ತು...” ಅಂದು ನಿಲ್ಲಿಸಿದೆ. ಬೇಕಂತಲೇ.

ಅವನು ಕಾದ! ಪೂರ್ತಿ ಕಾದ!

“...ಏಳು” ಅಂದೆ.

ನೂರಕ್ಕೆ ಎಂಬತ್ತೇಳು! ಏಳನೇ ಕ್ಲಾಸಿನವನಿಗೆ, ನಲವತ್ತೈದರಲ್ಲಿ, ಎಂಬತ್ತೇಳು! ಆಮೇಲೆ ಕೇಳಿಸಿದ್ದು ನಿಮ್ಮಲ್ಲಿ ಎಷ್ಟೋ ಜನ ಕೇಳಿದ್ದೀರಿ — ಸೈರನ್! ಅಂಗಳದ ಮಧ್ಯೆ, ರೋಗಿ ಇಲ್ಲ ಏನಿಲ್ಲ, ಊಂ ಅಂತ ಸೈರನ್! ಹೆಡ್ ನರ್ಸ್ ಒಂದೇ ಕೈಗೆ ಗ್ಲೌಸ್ ಹಾಕ್ಕೊಂಡು ಓಡಿ ಬಂದರು. ಇವನು ಗಾಡಿಯಿಂದ ಇಳಿದು ಅವರಿಗೆ ಜರ್ಮನ್ನಲ್ಲಿ ನಮಸ್ಕಾರ ಹೇಳಿದ.

ಸಾಹೇಬರು ನಗ್ತಿದ್ದಾರೆ. ಆವತ್ತು ನಗಲಿಲ್ಲ ಅವರು, ಕಾರಣ ಕೇಳಿ ನೋಟಿಸ್ ಕೊಟ್ಟರು. ಅದಕ್ಕೆ ಬಂದೆಯಣ್ಣನ ಉತ್ತರ ಕಡತದಲ್ಲಿದೆ. “ಒಂದು: ನಾನು ಪಾಸಾದೆ. ಎರಡು: ಸೈರನ್ ಹಾಕಿದ್ದು ನಾನೇ. ಮೂರು: ಇನ್ನು ಹಾಕುವುದಿಲ್ಲ.” ಮೂರೇ ಮಾತು! ಸಾಹೇಬರು ಆ ಕಡತ ಮುಚ್ಚಿದರು.

ಹೋದ. ಜರ್ಮನಿಯಲ್ಲಿ ಹೆಂಡತಿ ಮಗಳ ಜೊತೆ ಆರು ವರ್ಷ ಬದುಕಿದ. ಡಯಾಲಿಸಿಸ್‌ಗೆ ಹೋಗೋ ವಯಸ್ಸಾದವರನ್ನ ಮನೆಯಿಂದ ಕರ್ಕೊಂಡು ಹೋಗಿ, ವಾಪಸ್ ಬಿಡೋ ಕೆಲಸ. ಮಗಳ ಶಾಲೆಯ ಪೋಷಕರ ಸಭೆಗೆ ಇವನೇ ಹೋಗ್ತಿದ್ದನಂತೆ, ಎದ್ದು ನಿಂತು ಮಾತಾಡ್ತಿದ್ದನಂತೆ. ಮಗಳು ಇವತ್ತು ಬೆಳಗ್ಗೆ ಹೇಳಿದಳು: “ಅಪ್ಪ ತಪ್ಪು ತಪ್ಪು ಮಾತಾಡ್ತಿದ್ರು. ಯಾರಾದ್ರೂ ನಕ್ರೆ, ಸರಿ ಏನು ಅಂತ ಅವರನ್ನೇ ಕೇಳಿ, ಬರ್ಕೊಂಡು, ಮುಂದುವರಿಸ್ತಿದ್ರು. ನಂಗೆ ಮೊದಲು ನಾಚಿಕೆ ಆಗ್ತಿತ್ತು. ಆಮೇಲೆ ನನ್ನ ಫ್ರೆಂಡ್ಸ್ ಎಲ್ಲಾ ಅಪ್ಪನ್ನ ಮಾತಾಡ್ಸೋಕೇ ಮನೆಗೆ ಬರ್ತಿದ್ರು.”

ಇನ್ನೊಂದು ವಿಷಯ ಸಿಸ್ಟರ್ ಹೇಳಿದರು. ಹೇಳಬಹುದಾ ಅಂತ ಅವರನ್ನ ಕೇಳಿಕೊಂಡೇ ಹೇಳ್ತಿದ್ದೀನಿ.

ಹೋದ ತಿಂಗಳು ಅವನ ಹೃದಯದ ದೊಡ್ಡ ರಕ್ತನಾಳ ಸೀಳಿದಾಗ, ಆಪರೇಷನ್‌ಗೆ ಮುಂಚೆ ಡಾಕ್ಟರ್ ಬಂದರು. ಅವರು ಸಹಜವಾಗಿ ಸಿಸ್ಟರ್ ಕಡೆ ತಿರುಗಿ ಶುರು ಮಾಡಿದರು — ನೀವು ಇವರಿಗೆ ತಿಳಿಸಿ ಹೇಳಿ ಅಂತ. ಬಂದೆಯಣ್ಣ ಕೈ ಎತ್ತಿ ತಡೆದನಂತೆ. ಜರ್ಮನ್ನಲ್ಲಿ ಹೇಳಿದನಂತೆ: “ಅವಳು ನರ್ಸ್ ನಿಜ. ಇವತ್ತು ನನ್ನ ಹೆಂಡತಿ ಮಾತ್ರ. ದಯವಿಟ್ಟು ನನಗೇ ಹೇಳಿ. ನಿಧಾನವಾಗಿ ಹೇಳಿ.”

ಡಾಕ್ಟರ್ ಅವನಿಗೇ ಹೇಳಿದರು. ಅಪಾಯ ಎಷ್ಟಿದೆ ಅಂತಾನೂ ಹೇಳಿದರು. ಗಂಡನಿಗೆ ಆ ಮಾತನ್ನ ತನ್ನ ಬಾಯಿಂದ ಹೇಳೋ ಕಷ್ಟ ಸಿಸ್ಟರ್‌ಗೆ ಬರಲಿಲ್ಲ. ಅವರು ಕೈ ಹಿಡ್ಕೊಂಡು ಪಕ್ಕದಲ್ಲಿ ಕೂತಿದ್ದರು, ಅಷ್ಟೇ. ಅವನೇ ಕೇಳಿದ, ಅವನೇ ಪ್ರಶ್ನೆ ಹಾಕಿದ, ಅವನೇ ಸಹಿ ಮಾಡಿದ.

ಅವನು ಉಳಿಯಲಿಲ್ಲ. ಆದರೆ ಸೋತ ಅಂತ ಯಾರಾದ್ರೂ ನನ್ನ ಮುಂದೆ ಅನ್ನಲಿ ನೋಡೋಣ!

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಡ್ಯೂಟಿ ಮೇಲಿರುವ ಡ್ರೈವರ್‌ಗಳು ಬಾಗಿಲ ಹತ್ತಿರ ಬನ್ನಿ. ಕರೆ ಬಂದರೆ ಹೊರಟುಬಿಡಿ, ಅವನ ಮನೆಯವರು ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಉಳಿದವರು ತಲೆ ತಗ್ಗಿಸಬೇಕಿಲ್ಲ. ನೆಟ್ಟಗೆ, ಮುಖ ಎತ್ತಿ ನಿಲ್ಲಿ.

ಎರಡು ನಿಮಿಷ — ಮೌನ.