ಮೆಸ್ಸಿನ ಊಟ

ಬಿಬವೇವಾಡಿಯ ಪೆಟ್ರೋಲ್ ಪಂಪಿನ ಸಾಲಿನಲ್ಲಿ ನನ್ನ ಮುಂದೆ ಹಿರಿಯರೊಬ್ಬರೂ ಒಬ್ಬ ಹೆಂಗಸೂ ತಮ್ಮ ತಮ್ಮ ಸ್ಕೂಟರ್ ಹಿಡಿದು ನಿಂತಿದ್ದರು. ಹಿರಿಯರು ಸಿಟ್ಟಿನಲ್ಲಿದ್ದರು.

"ಅಮೆರಿಕದವರು ಇರಾನ್ ಮ್ಯಾಲೆ ಬಾಂಬ್ ಹಾಕಿದ್ದು ಮೊನ್ನೆ. ಈ ಪಂಪಿನವನ ಟಾಕ್ಯಾಗಿನ ಪೆಟ್ರೋಲ್ ಹೋದ ವಾರದ್ದು. ಗಾಡಿಗೆ ಒಂದ ಲೀಟರ್ ಅಂತ ಯಾಕ ಅಂತಾನ? ಒಳಗ ಮುಚ್ಚಿಟ್ಟಾನ ನೋಡು."

"ಎಲ್ಲಾರೂ ಏನರ ಮುಚ್ಚೇ ಇಡ್ತಾರ್ರಿ, ಕಾಕಾ."

"ಯಾಕ ರಂಜನಾ? ಕುವೈತ್‌ದಾಗ ನಿಮ್ಮ ಮನಿಯವರು ಆರಾಮ ಅದಾರಿಲ್ಲೋ?"

"ಬಾಂಬ್ ಬೀಳೂದು ಬಾಜೂ ದೇಶದಾಗ, ಇಲ್ಲೇನೂ ಇಲ್ಲ ಅಂದ್ರು."

"ಮತ್ತ? ಆತಲ್ಲ."

"ಆರು ವರ್ಷದಿಂದ ಫೋನ್ ಮಾಡಿದಾಗೆಲ್ಲಾ ಮೆಸ್ಸಿನ ಊಟಕ್ಕ ಬೈತಿದ್ರು. ನಿನ್ನೆ, ಊಟ ಭಾಳ ಛಲೋ ಅದ ಅಂದ್ರು."

ಸಾಲು ಸರಿಯಿತು. ಕಾಕಾ ಸ್ಕೂಟರ್ ಮುಂದೆ ತಳ್ಳಿದರು.