ಮೇಲಿನ ಕೋರ್ಟು

ಕೋರ್ಟಿನ ಮೂರನೆಯ ಮಹಡಿಯ ಬೆಂಚಿನಲ್ಲಿ, ನನ್ನ ಪಕ್ಕ, ತೀರ್ಪಿನ ನಕಲನ್ನು ಎದೆಗವಚಿಕೊಂಡು ಒಬ್ಬ ಹೆಂಗಸು ಬೆಳಿಗ್ಗೆಯಿಂದ ಕೂತಿದ್ದಳು. ಅವಳ ತಮ್ಮ ಏದುಸಿರು ಬಿಡುತ್ತಾ ಬಂದ.

"ಅಕ್ಕಾ! ವಕೀಲ್ರು ಕೆಳಗೆ ಕಾಯ್ತಾ ಇದಾರೆ. ಫೋನ್ ಯಾಕೆ ಎತ್ತಿಲ್ಲ?"

"ಆಫ್ ಮಾಡಿ ಅಂತ ಬೋರ್ಡಿದೆಯಲ್ಲೋ. ಅಪೀಲು ಮೇಲಿನ ಕೋರ್ಟಲ್ಲಿ ಅಂದ್ರು, ಬಂದೆ. ಇದಕ್ಕೂ ಮೇಲೆ ಬರೀ ತಾರಸಿ."

"ಅಯ್ಯೋ, ಮೇಲಿನ ಕೋರ್ಟು ಅಂದ್ರೆ ಸೆಷನ್ಸು. ಅದು ನೆಲಮಹಡೀಲಿದೆ!"

"ನಿಮ್ಮ ಭಾವಂಗೆ ಎರಡು ವರ್ಷ ಹಾಕಿದ ಮ್ಯಾಜಿಸ್ಟ್ರೇಟು ಎರಡನೇ ಮಹಡಿ. ಅವರಿಗಿಂತ ದೊಡ್ಡವರು ಕೆಳಗಾ?"

"ಹೂಂ. ಸೆಷನ್ಸೇ ಶಿಕ್ಷೆ ಹಾಕಿದ್ರೆ ಹೈಕೋರ್ಟಿಗೆ, ಬೇರೆ ಊರಿಗೆ ಓಡ್ಬೇಕಿತ್ತು. ನಕಲು ಕೊಡು. ಅಪೀಲಿಗೆ ಇವತ್ತೇ ಮೂವತ್ತನೇ ದಿನ, ಕೊನೇ ದಿನ, ಐದಕ್ಕೆ ಕೌಂಟರ್ ಮುಚ್ತಾರೆ."

"ಈಗೆಷ್ಟು?"

"ಐದಕ್ಕೆ ಏಳು ನಿಮಿಷ."

ಅವಳು ಲಿಫ್ಟಿನ ಗುಂಡಿ ಒತ್ತಿದಳು. ಅದರ ಬಾಣ ಮೇಲಕ್ಕೇ ತೋರಿಸುತ್ತಿತ್ತು.

"ಬಿಡು ಅದನ್ನ, ಮೆಟ್ಟಿಲು!"

"ಸೆಷನ್ಸಲ್ಲೂ ಆಗಲ್ಲ ಅಂದ್ರೆ?"

"ಆಮೇಲೆ ಹೈಕೋರ್ಟು ಹತ್ತೋಣ. ಈಗ ಇಳಿಯಕ್ಕಾ!"

ಅವಳ ಒಂದು ಚಪ್ಪಲಿ ಮೊದಲ ಮೆಟ್ಟಿಲಲ್ಲೇ ಕಳಚಿತು. ಅವಳು ತಿರುಗಿ ನೋಡಲಿಲ್ಲ.